ಸ್ಪ್ರಿಂಗಿಗೆ ಸವರಿದ ಚೀಸ್: ಆರನೆಯ ಕಂತು

ಗಸ್ ಟೆಶ್‌ಗೆ ಬಲಗೈ ಹೆಬ್ಬೆರಳಿನ ಉಗುರು ಇರಲಿಲ್ಲ.

"ಹೋಗಿ ಎಷ್ಟು ದಿನ ಆಯ್ತು?" ಎಂದು ಕೇಳಿದೆ.

"ಯಾವ ಸಲದ್ದು ಕೇಳ್ತಿದ್ದೀಯ?" ಎಂದ ಗಸ್. "ಇದು ಈಸ್ಟರ್ ವಾರ ಹೋಗಿದ್ದು. ಇದರ ಹಿಂದಿಂದು ನನ್ನ ಮಗಳ ಮದುವೆ ದಿನ ಹೋಯ್ತು. ಫೋಟೋದಲ್ಲಿದೆ, ಬೇಕಾದ್ರೆ ತೋರಿಸ್ತೀನಿ."

ಅವನ ಹಿಂದೆ, ಕ್ಲಬ್ಬಿನ ಅಡುಗೆಮನೆಯಿಂದ ಹೊರಗಿನ ಮೆಟ್ಟಿಲವರೆಗೆ, ಹದಿಮೂರು ಜನ ಹೆಬ್ಬೆರಳು ಮೇಲೆ ಮಾಡಿಕೊಂಡು ಸಾಲಾಗಿ ನಿಂತಿದ್ದರು. ದಾರಿಯಲ್ಲಿ ಹೋಗುವ ಲಾರಿಗೆ ಕೈ ತೋರಿಸುವವರ ಹಾಗೆ ಕಾಣುತ್ತಿದ್ದರು.

ಈ ಉಪಾಯ ನನ್ನದೇ. ಆ ಬೆಳಗ್ಗೆ ಆಯ್ಕೆಯ ಸುತ್ತಿನಲ್ಲಿ ವರ್ನಾ ಹಾಗ್ಲಂಡಳ ಬಂದೂಕು ಮೂರು ಸಲ ಸಿಕ್ಕಿಹಾಕಿಕೊಂಡಿತ್ತು. ಬಿಚ್ಚಿ ನೋಡಿದರೆ ಒಳಗಿದ್ದ ಸ್ಪ್ರಿಂಗ್ ಅವಳದಾಗಿರಲಿಲ್ಲ.

ನಮ್ಮದು ಹಳೆಯ ಸೈನ್ಯದ ಬಂದೂಕುಗಳ ಕ್ಲಬ್ಬು. ಎಂಟು ಗುಂಡುಗಳ ಕ್ಲಿಪ್ಪನ್ನು ಮೇಲಿನಿಂದ ಹೆಬ್ಬೆರಳಲ್ಲಿ ಒತ್ತಿ ತುಂಬಬೇಕು. ಒತ್ತಿದ ಬೆರಳನ್ನು ತಕ್ಷಣ ತೆಗೆಯದಿದ್ದರೆ, ಗುಂಡನ್ನು ನಳಿಕೆಗೆ ತಳ್ಳುವ ಬೋಲ್ಟು ಸ್ಪ್ರಿಂಗಿನ ಬಲದಿಂದ ಮುಂದೆ ಹಾರಿ ಉಗುರನ್ನು ಜಜ್ಜುತ್ತದೆ. ವರ್ನಾಳ ಬಂದೂಕಿಗೆ ಯಾರೋ ಹಾಕಿದ್ದ ಹೊಸ ಸ್ಪ್ರಿಂಗ್ ವಿಪರೀತ ಬಿರುಸಾಗಿತ್ತು. ಹಾಕಿದವನು ಒಮ್ಮೆಯಾದರೂ ಪರೀಕ್ಷಿಸಿರುತ್ತಾನೆ, ಪರೀಕ್ಷಿಸಿದ್ದರೆ ಬೆರಳು ಜಜ್ಜಿಸಿಕೊಂಡಿರುತ್ತಾನೆ ಎನ್ನುವುದು ನನ್ನ ತರ್ಕ.

ಹದಿನಾಲ್ಕು ಹೆಬ್ಬೆರಳು ನೋಡಿದೆ. ಹನ್ನೊಂದು ಕಪ್ಪಾಗಿದ್ದವು. ಎರಡರಲ್ಲಿ ಉಗುರೇ ಇರಲಿಲ್ಲ. ಒಂದಕ್ಕೆ ಬ್ಯಾಂಡೇಜ್ ಸುತ್ತಿತ್ತು. ಬಿಚ್ಚಿಸಿದೆ. ಅದೂ ಕಪ್ಪು.

"ಕಳ್ಳ ಸಿಕ್ಕಿದ್ನಾ?" ಎಂದು ಒಲೆಯ ಮುಂದಿನಿಂದ ಲವಾನ್ ಕೇಳಿದಳು. ಕ್ಲಬ್ಬಿನ ಅಡುಗೆಮನೆ ಹತ್ತೊಂಬತ್ತು ವರ್ಷಗಳಿಂದ ಅವಳ ಕೈಯಲ್ಲಿದೆ. ಬಾಣಲೆಯಲ್ಲಿ ಸಾಸೇಜ್ ಮಗುಚುತ್ತಿದ್ದಳು.

"ಸಿಕ್ಕಿದ. ಹದಿನಾಲ್ಕು ಜನ."

"ಹಂಗಾದ್ರೆ ಎಲ್ಲರಿಗೂ ಊಟ ಹಾಕಿ ಆಮೇಲೆ ಜೈಲಿಗೆ ಕಳಿಸು. ತಣ್ಣಗಾದ್ರೆ ಇದು ತಿನ್ನಕ್ಕಾಗಲ್ಲ."

ಸಾಲು ಕರಗಿತು. ಗೋಡೆಯ ಗಡಿಯಾರದಲ್ಲಿ ಎರಡೂಕಾಲು. ಐದು ಗಂಟೆಗೆ ಜಿಲ್ಲಾ ತಂಡದ ಪಟ್ಟಿ ಬೋರ್ಡಿಗೆ ಅಂಟುತ್ತದೆ. ಬೇರೊಬ್ಬರು ಬಂದೂಕನ್ನು ಕೆಡಿಸಿದ್ದರೆ, ಕೆಡಿಸಿದವರು ಅದನ್ನು ನಾಲ್ಕರೊಳಗೆ ಬರೆದು ಒಪ್ಪಿದರೆ, ವರ್ನಾಗೆ ಮತ್ತೊಮ್ಮೆ ಹೊಡೆಯುವ ಅವಕಾಶ ಸಿಗುತ್ತದೆ. ಒಂದೇ ಒಂದು ಸಲ. ಹದಿನಾಲ್ಕನೆಯ ನಿಯಮ. ಇಲ್ಲದಿದ್ದರೆ ಸಮಿತಿಯ ಮೂವರು ಬೆಳಗ್ಗೆ ಬರೆದದ್ದೇ ಗಟ್ಟಿ: 'ಕೈಬಲ ಸಾಲದು.'

ವರ್ನಾಗೆ ಎಪ್ಪತ್ತೊಂದು. ಮೂವತ್ತೆಂಟು ವರ್ಷ ತಂಡದಲ್ಲಿದ್ದಾಳೆ. ಅಡುಗೆಮನೆಯ ಮೂಲೆಯ ಕುರ್ಚಿಯಲ್ಲಿ ಕೋಟು ಕೂಡ ಬಿಚ್ಚದೆ ಕೂತಿದ್ದಳು.

"ಕೈಬಲ ಸಾಲದಂತೆ," ಎಂದಳು. "ಈ ಊರಿನ ಶಾಲೆ ಬಸ್ಸು ಇಪ್ಪತ್ತೊಂಬತ್ತು ವರ್ಷ ಓಡಿಸಿದೀನಿ ಕೋರಿ. ಹಿಮದಲ್ಲಿ. ಆ ಸಮಿತಿಯ ಮೂರೂ ಜನ ಹಿಂದಿನ ಸೀಟಲ್ಲಿ ಕೂತು ಕಿತ್ತಾಡ್ತಿದ್ರು. ನನ್ನ ಕೈ ನಡುಗಿದ್ದಿದ್ರೆ ಅವತ್ತೇ ಹಳ್ಳಕ್ಕೆ ಬಿದ್ದಿರ್ತಿದ್ರು, ಇವತ್ತು ಈ ತೊಂದರೆನೇ ಇರ್ತಿರ್ಲಿಲ್ಲ."

"ಕೈ ಅಲ್ಲ ವರ್ನಾ, ಸ್ಪ್ರಿಂಗು. ನಂಗೊತ್ತು."

"ನಿಂಗೊತ್ತಿದ್ರೆ ಏನು ಬಂತು? ಕಾಗದದ ಮೇಲೆ ಬರಬೇಕು."

ನಾನು ಕ್ಲಬ್ಬಿನ ಕಾರ್ಯದರ್ಶಿ. ದೂರು ವಿಚಾರಿಸುವುದು ಕಾರ್ಯದರ್ಶಿಯ ಕೆಲಸ. ಅದು ಗೊತ್ತಿದ್ದರೆ ಚುನಾವಣೆಯ ದಿನ ಗೈರುಹಾಜರಾಗುತ್ತಿರಲಿಲ್ಲ. ಹೊಟ್ಟೆಪಾಡಿಗೆ ಗ್ಯಾರೇಜ್ ಬಾಗಿಲು ರಿಪೇರಿ ಮಾಡುತ್ತೇನೆ. ಬಾಗಿಲನ್ನು ಎತ್ತುವುದು ಸ್ಪ್ರಿಂಗ್, ಹಾಗಾಗಿ ಸ್ಪ್ರಿಂಗಿನ ವಿಷಯದಲ್ಲಿ ನನ್ನ ಕಣ್ಣಿಗೆ ಯಾರೂ ಮಣ್ಣೆರಚಲಾರರು.

ಬಂದೂಕು ಮೇಜಿನ ಮೇಲೆ ಮೂರು ಭಾಗವಾಗಿ ಬಿದ್ದಿತ್ತು: ಮರದ ಹಿಡಿ, ಕಬ್ಬಿಣದ ನಳಿಕೆ, ಟ್ರಿಗರ್ ಇರುವ ಗಂಟು. ಪಕ್ಕದ ತಟ್ಟೆಯಲ್ಲಿ ಆ ಉದ್ದನೆಯ ಪರಕೀಯ ಸ್ಪ್ರಿಂಗ್. ಬೆಳಗ್ಗೆಯೇ ನನಗೆ ಅನುಮಾನ ಬಂದಿತ್ತು. ವರ್ನಾಳ ಖಾಲಿ ತೋಟಾಗಳು ಯಾವಾಗಲೂ ನಾಲ್ಕು ಹೆಜ್ಜೆ ದೂರ ಹಾರಿ ಪಕ್ಕದವನ ಟೋಪಿಯ ಮೇಲೆ ಬೀಳುತ್ತಿದ್ದವು. ಅವಳ ಬಲಕ್ಕೆ ಮಲಗಿ ಗುಂಡು ಹೊಡೆಯಲು ಯಾರೂ ಒಪ್ಪುತ್ತಿರಲಿಲ್ಲ. ಇವತ್ತು ಅವಳ ಮೊಣಕೈಯ ಹತ್ತಿರವೇ ಬಿದ್ದವು. ಮೂರು ಬೀಳಲೂ ಇಲ್ಲ, ಬೋಲ್ಟಿನ ಬಾಯಲ್ಲೇ ಕಚ್ಚಿಕೊಂಡವು.

ಸ್ಪ್ರಿಂಗನ್ನು ಎತ್ತಿದೆ. ಬೆರಳಿಗೆ ಹಳದಿ ಜಿಡ್ಡು ಅಂಟಿತು. ನಮ್ಮ ಕ್ಲಬ್ಬಿನ ಗ್ರೀಸೂ ಹಳದಿಯೇ. ಆದರೆ ಗ್ರೀಸಿಗೆ ಈ ವಾಸನೆ ಇರುವುದಿಲ್ಲ.

"ಗಸ್, ಇದನ್ನ ಮೂಸಿ ನೋಡಿ."

ಗಸ್ ಗುಂಡು ಹಾರಿಸುವ ಮೈದಾನದ ಮೇಲ್ವಿಚಾರಕ, ತಿನ್ನುವ ವಿಷಯದಲ್ಲಿ ಅವಸರದವನು. ಮೂಸಲಿಲ್ಲ. ನೆಕ್ಕಿದ.

ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಯೋಚಿಸಿದ. "ಬಿಯರ್ ಚೀಸ್," ಎಂದ. "ಲವಾನ್‌ದು. ಈ ವಾರ ಸಾಸಿವೆ ಒಂಚೂರು ಜಾಸ್ತಿ."

ಲವಾನ್ ಸೌಟು ಹಿಡಿದುಕೊಂಡೇ ತಿರುಗಿದಳು. "ಜಾಸ್ತಿನಾ? ಬಂದೂಕಿನ ಹೊಟ್ಟೆಯಿಂದ ನೆಕ್ಕಿ ನನ್ನ ಕೈ ಅಡುಗೆಗೆ ಹೆಸರಿಡ್ತೀಯೇನೋ?"

"ಇಡ್ತಿಲ್ಲ ಲವಾನ್. ಚೆನ್ನಾಗೇ ಇದೆ. ಕಬ್ಬಿಣದ ರುಚಿ ಸ್ವಲ್ಪ ಹೊಂದ್ತಿಲ್ಲ ಅಷ್ಟೆ."

"ನನ್ನ ಚೀಸು ಬಂದೂಕಿನೊಳಗೆ ಹೆಂಗೆ ಹೋಯ್ತು?"

ಅದೇ ನನ್ನ ಪ್ರಶ್ನೆಯೂ ಆಗಿತ್ತು. ಫ್ರಿಜ್ಜಿನ ಬಾಗಿಲು ತೆಗೆದೆ.

ಒಳಗೆ ಎರಡು ಪ್ಲಾಸ್ಟಿಕ್ ಡಬ್ಬಿಗಳು. ಎರಡೂ ಯಾವುದೋ ಕಾಲದಲ್ಲಿ ಬೆಣ್ಣೆ ತಂದಿದ್ದವು. ಒಂದರ ಮೇಲೆ ಬಿಳಿ ಟೇಪಿನಲ್ಲಿ ಲವಾನ್‌ಳ ದಪ್ಪಕ್ಷರ: 'ಬಂದೂಕಿನ ಗ್ರೀಸ್. ತಿನ್ನಬೇಡಿ.' ಇನ್ನೊಂದರ ಮೇಲೆ: 'ಹಳೇ ಹುರುಳಿಕಾಯಿ.'

"ಚೀಸ್ ಯಾವುದರಲ್ಲಿದೆ?" ಉತ್ತರ ಗೊತ್ತಿದ್ದೂ ಕೇಳಿದೆ. ವಿಚಾರಣೆಯಲ್ಲಿ ಹಾಗೆ ಕೇಳಬೇಕು.

"ಗ್ರೀಸ್ ಅಂತ ಬರೆದಿರೋದ್ರಲ್ಲಿ," ಎಂದಳು ಲವಾನ್. "ಚೀಸ್ ಅಂತ ಬರೆದ್ರೆ ಊಟದ ಹೊತ್ತಿಗೆ ಡಬ್ಬಿ ಉಳಿಯುತ್ತಾ ಈ ಹೊಟ್ಟೆಬಾಕರ ಮಧ್ಯೆ?"

"ಮತ್ತೆ ಗ್ರೀಸು?"

"ಹುರುಳಿಕಾಯಿ ಡಬ್ಬಿಲಿ. ಅದನ್ನ ಯಾರೂ ಮುಟ್ಟಲ್ಲ."

"ಇದು ಎಷ್ಟು ಜನಕ್ಕೆ ಗೊತ್ತು?"

"ಎಲ್ರಿಗೂ ಗೊತ್ತು," ಎಂದ ಗಸ್. "ಹತ್ತೊಂಬತ್ತು ವರ್ಷದಿಂದ ಆ ಗ್ರೀಸನ್ನ ಬ್ರೆಡ್ಡಿಗೆ ಹಚ್ಕೊಂಡು ತಿಂತಿದೀವಿ."

"ಅಂದ್ರೆ ಈ ಸ್ಪ್ರಿಂಗ್ ಹಾಕಿದವನು ಟೇಪಿನ ಮೇಲೆ ಬರೆದದ್ದನ್ನ ನಂಬಿದಾನೆ. ಬಂದೂಕಿನ ಗ್ರೀಸ್ ಅಂತಿದೆ, ತಗೊಂಡು ಬಂದೂಕಿಗೆ ಹಚ್ಚಿದಾನೆ." ಮೂವರನ್ನೂ ನೋಡಿದೆ. "ನಮ್ಮ ಕ್ಲಬ್ಬಲ್ಲಿ ಬರೆದದ್ದನ್ನ ನಂಬುವವರು ಯಾರಿದ್ದಾರೆ?"

ಬಾಣಲೆ ಚುರುಗುಟ್ಟಿತು. ಆಮೇಲೆ ಮೂವರೂ ಒಟ್ಟಿಗೆ ಹೇಳಿದರು.

"ಡೇಲ್."

ಡೇಲ್ ಓಪಿಟ್ಜ್ ನಾಲ್ಕು ತಿಂಗಳಿಂದ ನಮ್ಮ ಅಧ್ಯಕ್ಷ. ಮಿಲ್ವಾಕಿಯಲ್ಲಿ ವಿಮೆ ಕಂಪನಿಯಿಂದ ನಿವೃತ್ತನಾಗಿ ಬಂದವನು. ಹಾಲು ಮೊಸರು ಚೀಸು ಯಾವುದೂ ಅವನ ಹೊಟ್ಟೆಗೆ ಆಗುವುದಿಲ್ಲ. ಚೀಸಿನ ನಾಡಾದ ವಿಸ್ಕಾನ್ಸಿನ್‌ನಲ್ಲಿ ಅಂಥವನು ಬದುಕುವುದೇ ಕಷ್ಟ, ಅಧ್ಯಕ್ಷನಾಗುವುದಂತೂ ದೂರದ ಮಾತು. ಬೇರೆ ಯಾರೂ ನಿಲ್ಲದ್ದರಿಂದ ಆದ. ಮಧ್ಯಾಹ್ನ ಕಾರಿನಲ್ಲೇ ಕೂತು ತನ್ನ ಡಬ್ಬಿಯ ಊಟ ಮಾಡುತ್ತಾನೆ. ಹೆಬ್ಬೆರಳಿನ ಸಾಲಿನಲ್ಲೂ ಅವನು ಇರಲಿಲ್ಲ.

"ಬಂದೂಕಿನ ಮೇಲೆ ಒಂದು ಕಣ್ಣಿಟ್ಟಿರಿ," ಎಂದು ಹೇಳಿ ಹೊರಟೆ.

"ಒಂದಲ್ಲ, ಆರು ಕಣ್ಣಿವೆ. ಹೋಗು," ಎಂದಳು ಲವಾನ್.

ಡೇಲ್ ಕಾರಿನಲ್ಲಿ ಕೂತು ಅಕ್ಕಿಯ ಬಿಸ್ಕತ್ತು ತಿನ್ನುತ್ತಿದ್ದ. ಎದೆಯ ಮೇಲೆ ಕರವಸ್ತ್ರ. ನಾನು ಪಕ್ಕದ ಸೀಟಿನಲ್ಲಿ ಕೂತೆ.

"ಸೀಟ್ ಬೆಲ್ಟು," ಎಂದ.

"ಕಾರು ನಿಂತಿದೆ ಡೇಲ್."

"ನಿಂತಿದ್ರೂ ಕಾರು ಕಾರೇ ಅಲ್ವಾ?"

ಬೆಲ್ಟು ಹಾಕಿಕೊಂಡೆ. "ಹೆಬ್ಬೆರಳು ತೋರಿಸಿ."

ತೋರಿಸಿದ. ಗುಲಾಬಿ ಬಣ್ಣ, ಉಗುರು ನೀಟಾಗಿ ಕತ್ತರಿಸಿತ್ತು. ಇಡೀ ಕ್ಲಬ್ಬಿನಲ್ಲಿ ಇಂಥ ಬೆರಳು ಇನ್ನೊಂದಿಲ್ಲ.

"ನಿಮಗೆ ಒಂದು ಸಲವೂ ಜಜ್ಜಿಲ್ವಾ?"

"ಜಜ್ಜೋದು ಹೆಂಗೆ? ಕೈಪಿಡಿಲಿ ಬರೆದಿದೆಯಲ್ಲ. ಅಂಗೈ ಅಂಚಿನಿಂದ ಬೋಲ್ಟಿನ ಹಿಡಿಕೆ ತಡೆದು ಹಿಡ್ಕೊಂಡು ಆಮೇಲೆ ಬೆರಳು ತೆಗೀಬೇಕು. ಮೂವತ್ತೊಂದನೇ ಪುಟ. ನೀವ್ಯಾರೂ ಓದಿಲ್ವಾ?"

ಮಧ್ಯಾಹ್ನವಿಡೀ ನಾನು ಕಪ್ಪು ಬೆರಳನ್ನು ಹುಡುಕಿದ್ದೆ. ಹುಡುಕಬೇಕಾಗಿದ್ದದ್ದು ಗುಲಾಬಿ ಬೆರಳನ್ನು.

"ವರ್ನಾ ಬಂದೂಕಿನ ಸ್ಪ್ರಿಂಗ್ ಬದಲಾಯಿಸಿದ್ದು ನೀವೇ."

ಅವನು ಸುಳ್ಳು ಹೇಳುತ್ತಾನೆಂದು ಕಾದಿದ್ದೆ. ಅವನ ಮುಖ ಅರಳಿತು.

"ಗೊತ್ತಾಯ್ತಾ? ಹೆಂಗಿದೆ?"

"ಹೆಂಗಿದೆ ಅಂದ್ರೆ?"

"ವ್ಯತ್ಯಾಸ ಗೊತ್ತಾಗ್ತಿರಬೇಕಲ್ಲ! ಮನೆಗೆ ಮೊಮ್ಮಕ್ಕಳು ಬಂದಿದ್ದಾರೆ ಅಂತ ಬುಧವಾರ ವರ್ನಾ ಬಂದೂಕನ್ನ ಕ್ಲಬ್ಬಿನ ಬೀರುಲಿ ಇಟ್ಟು ಹೋದ್ರು. ಗುರುವಾರ ನಾನು ತಪಾಸಣೆ ಮಾಡಿದೆ. ಹಳೇ ಸ್ಪ್ರಿಂಗ್ ಹದಿನೆಂಟೂ ಮುಕ್ಕಾಲು ಇಂಚಿತ್ತು. ಹತ್ತೊಂಬತ್ತಕ್ಕಿಂತ ಕಮ್ಮಿಯಾದ್ರೆ ಎಸೀರಿ ಅಂತ ಪುಸ್ತಕ ಹೇಳುತ್ತೆ."

"ಬಂದೂಕು ಆ ಪುಸ್ತಕ ಓದಿಲ್ಲ ಡೇಲ್. ಅದು ಸರಿಯಾಗೇ ಹೊಡೀತಿತ್ತು."

"ಅದಕ್ಕೇ ಒಳ್ಳೇದನ್ನೇ ಹಾಕಿದೆ, ಕ್ಲಬ್ಬಿಗೆ ಅಂತ ಮೊದಲೇ ತರಿಸಿಟ್ಟಿದ್ದೆ. ಅಂಚೆಲಿ ಬಂದಿತ್ತು. ಪೊಟ್ಟಣದ ಮೇಲೆ ದೊಡ್ಡದಾಗಿ ಬರೆದಿತ್ತು: ಶೇಕಡ ಮೂವತ್ತು ಹೆಚ್ಚು ಬಲ."

"ಹೆಚ್ಚು ಬಲ ಯಾಕೆ ಬೇಕು?"

"ಬಲ ಹೆಚ್ಚಿದ್ರೆ ಒಳ್ಳೇದಲ್ವಾ?"

ವಾರಕ್ಕೆ ಮೂರು ಮನೆಯಲ್ಲಿ ಇದೇ ಪ್ರಶ್ನೆ ಕೇಳಿಸಿಕೊಳ್ಳುತ್ತೇನೆ.

"ನಿಮ್ಮ ಗ್ಯಾರೇಜ್ ಬಾಗಿಲಿಗೆ ಎರಡರಷ್ಟು ತೂಕದ ಬಾಗಿಲಿನ ಸ್ಪ್ರಿಂಗ್ ಹಾಕ್ತೀನಿ ಅಂತಿಟ್ಕೊಳ್ಳಿ. ಏನಾಗುತ್ತೆ?"

"ಸಲೀಸಾಗಿ ಮೇಲೆ ಹೋಗುತ್ತೆ."

"ಹೋಗುತ್ತೆ. ಆಮೇಲೆ ಕೆಳಗೆ ಬರಲ್ಲ. ನಿಮ್ಮ ಹುಲ್ಲು ಕತ್ತರಿಸೋ ಯಂತ್ರ ಇಡೀ ಊರಿಗೆ ಕಾಣ್ತಾ ಇರುತ್ತೆ. ಬಂದೂಕಲ್ಲೂ ಅದೇ. ಗುಂಡು ಹಾರಿದಾಗ ಹೊಗೆಯ ಒತ್ತಡ ಬೋಲ್ಟನ್ನ ಹಿಂದಕ್ಕೆ ತಳ್ಳಬೇಕು, ಸ್ಪ್ರಿಂಗು ಮುಂದಕ್ಕೆ ತರಬೇಕು. ಒತ್ತಡ ಮೊದಲಿನಷ್ಟೇ ಇದೆ, ಸ್ಪ್ರಿಂಗು ಮಾತ್ರ ಗಟ್ಟಿ. ಬೋಲ್ಟು ಪೂರ್ತಿ ಹಿಂದೆ ಹೋಗೋದೇ ಇಲ್ಲ. ಖಾಲಿ ತೋಟಾ ಹೊರಗೆ ಬೀಳೋ ಮೊದಲೇ ಬಾಗಿಲು ಮುಚ್ಚಿಬಿಡುತ್ತೆ. ಬೆಳಗ್ಗೆ ಮೂರು ಸಲ ಆದದ್ದು ಅದೇ."

ಡೇಲ್ ಬಿಸ್ಕತ್ತನ್ನು ಕೆಳಗಿಟ್ಟ. "ಅಂದ್ರೆ ವರ್ನಾ ಕೈ..."

"ವರ್ನಾ ಕೈ ಸರಿಯಾಗಿದೆ. ನಿಮ್ಮ ಮೂವತ್ತು ಪರ್ಸೆಂಟು ಸರಿಯಿಲ್ಲ. ಹೇಳದೆ ಯಾಕೆ ಬದಲಾಯಿಸಿದ್ರಿ?"

"ತಿಳಿವಳಿಕೆ ಪತ್ರ ಅಚ್ಚಾಗಿ ಬಂದಿರ್ಲಿಲ್ಲ. ಸೋಮವಾರ ಬರುತ್ತೆ."

"ಹಳೇ ಸ್ಪ್ರಿಂಗ್ ಎಸೆದ್ರಾ?"

ಡೇಲ್‌ಗೆ ಅವಮಾನವಾದಂತೆ ಕಂಡಿತು. ಮುಂದಿನ ಖಾನೆ ತೆಗೆದು ಉದ್ದನೆಯ ಲಕೋಟೆ ಕೊಟ್ಟ. ಮೇಲೆ ಹೆಸರು, ತಾರೀಕು, ಉದ್ದ, ಸಹಿ. ಒಳಗೆ ವರ್ನಾಳ ಸ್ಪ್ರಿಂಗ್. ನಾನು ಹುಡುಕುತ್ತಿದ್ದ ಅಪರಾಧಿ ಸಾಕ್ಷ್ಯವನ್ನು ನನಗಿಂತ ಚೆನ್ನಾಗಿ ಜೋಪಾನ ಮಾಡಿದ್ದ.

"ಇಷ್ಟನ್ನೂ ಬರೆದು ಕೊಡಿ. ನಾಲ್ಕರೊಳಗೆ."

ಅವನ ಕೈ ಪೆನ್ನಿನವರೆಗೆ ಹೋಗಿ ನಿಂತಿತು. "ಬೇರೆಯವರ ಬಂದೂಕು ಬಿಚ್ಚಿದವನು ಪದಾಧಿಕಾರಿಯಾಗಿ ಇರೋ ಹಾಗಿಲ್ಲ. ಒಂಬತ್ತನೇ ನಿಯಮ. ನಾನೇ ತಿದ್ದಿ ಸೇರಿಸಿದ್ದು."

"ಬರೆದ್ರೆ ಕುರ್ಚಿ ಹೋಗುತ್ತೆ. ಬರೀದಿದ್ರೆ ವರ್ನಾ ಜಾಗ ಹೋಗುತ್ತೆ."

"ನಾಳೆ ಬರೆದ್ರೆ?"

"ಡೇಲ್, ನೀವು ಬರೀದಿದ್ರೆ ನಾನೀಗ ಒಳಗೆ ಹೋಗಿ, ಲವಾನ್ ಮಾಡಿದ ಚೀಸನ್ನ ನೀವು ಏನಂದ್ಕೊಂಡ್ರಿ ಅಂತ ಹೇಳ್ತೀನಿ."

"ಯಾವ ಚೀಸು? ನಾನು ಚೀಸ್ ಮುಟ್ಟೋದೇ ಇಲ್ಲ."

"ಗುರುವಾರ ಸ್ಪ್ರಿಂಗಿಗೆ ಹಚ್ಚಿದ್ದೇನು?"

"ಗ್ರೀಸು. ಡಬ್ಬಿ ಮೇಲೆ..." ಅವನು ತನ್ನ ಬೆರಳುಗಳನ್ನು ನೋಡಿಕೊಂಡ. "ಅವತ್ತು ರಾತ್ರಿ ನಂಗೆ ಹೊಟ್ಟೆ ಉಬ್ಬರಿಸಿತ್ತು. ಯಾಕೆ ಅಂತ ಗೊತ್ತಾಗಿರ್ಲಿಲ್ಲ."

ಆಮೇಲೆ ಬರೆದ. ಒಂದೂವರೆ ಪುಟ, ಅಂಚು ಬಿಟ್ಟು, ಪುಟಕ್ಕೆ ಸಂಖ್ಯೆ ಹಾಕಿ. ಅಧ್ಯಕ್ಷ ಎನ್ನುವ ಪದವನ್ನು ಬರೆದು, ತಾನೇ ಹೊಡೆದುಹಾಕಿ, ಕೆಳಗೆ ಬರೀ ಹೆಸರಿಟ್ಟ. ಅದಕ್ಕೆ ಅವನ ಮೇಲೆ ನನಗೆ ಸ್ವಲ್ಪ ಮರ್ಯಾದೆ ಬಂತು. ತುಂಬಾ ಅಲ್ಲ.

ಅಡುಗೆಮನೆಗೆ ವಾಪಸು ಬಂದಾಗ ಮೂರೂವರೆ. ಗಸ್ ಮೇಜಿನ ಹತ್ತಿರ, ಲವಾನ್ ಪಾತ್ರೆ ತೊಳೆಯುವಲ್ಲಿ, ವರ್ನಾ ಅದೇ ಕುರ್ಚಿಯಲ್ಲಿ. ನಾನು ಹಳೆಯ ಸ್ಪ್ರಿಂಗ್ ಒರೆಸಿ, ಹುರುಳಿಕಾಯಿ ಡಬ್ಬಿಯ ಗ್ರೀಸ್ ಹಚ್ಚಿ, ನಳಿಕೆಯ ಕೆಳಗೆ ಕೂರಿಸಿದೆ. ಮರದ ಹಿಡಿ ಸೇರಿಸಿದೆ. ಟ್ರಿಗರ್ ಗಂಟನ್ನು ಹಾಗೇ ಎತ್ತಿ ಒಳಗೆ ತಳ್ಳಿ ಬೀಗ ಹಾಕಿದೆ. ಅದನ್ನು ತಿರುಗಿಸಿ ನೋಡಲಿಲ್ಲ. ನೋಡಬೇಕಿತ್ತು.

ಸಮಿತಿಯವರು ಡೇಲ್‌ನ ಕಾಗದವನ್ನು ಎರಡು ಸಲ ಓದಿದರು. ಒಬ್ಬ ಒಂದು ಗುಟುಕು ನೀರು ಕುಡಿದ. ನಾಲ್ಕಕ್ಕೆ ವರ್ನಾ ಚಾಪೆಯ ಮೇಲೆ ಮಲಗಿದಳು. ಇನ್ನೂರು ಗಜ, ಹದಿನಾರು ಗುಂಡು, ನೂರ ಅರವತ್ತಕ್ಕೆ ನೂರ ನಲವತ್ತು ಬಂದರೆ ಜಾಗ ಅವಳದು. ಚಳಿಗಾಲದ ಅಭ್ಯಾಸದಲ್ಲೇ ಅವಳು ನೂರ ಐವತ್ತಕ್ಕೆ ಇಳಿದದ್ದಿಲ್ಲ.

"ತುಂಬಿ!" ಎಂದು ಗಸ್ ಕೂಗಿದ.

ಮೊದಲ ಐದು ಗುಂಡುಗಳು ಹೇಗಿರಬೇಕೋ ಹಾಗಿದ್ದವು. ಖಾಲಿ ತೋಟಾಗಳು ನಾಲ್ಕು ಹೆಜ್ಜೆ ಹಾರಿ ಸರಿಯಾಗಿ ಡೇಲ್‌ನ ಟೋಪಿಗೆ ಬಡಿದವು. ಅವನು ಟೋಪಿ ಸರಿಮಾಡಿಕೊಂಡು ನನ್ನ ಕಡೆ ಹೆಬ್ಬೆರಳೆತ್ತಿದ.

ಆರನೆಯದಕ್ಕೆ 'ಟಿಕ್' ಎಂದಿತು. ಅಷ್ಟೇ.

ವರ್ನಾ ಹಿಡಿಕೆ ಎಳೆದು ಆ ಗುಂಡನ್ನು ಹೊರಗೆ ಹಾಕಿದಳು. ಏಳನೆಯದು ಸಿಡಿಯಿತು. ಎಂಟನೆಯದು ಟಿಕ್. ಎರಡನೆಯ ಕ್ಲಿಪ್ಪು ತುಂಬಿದಳು. ಸಿಡಿಯಿತು. ಟಿಕ್. ಟಿಕ್. ಬೆಳಗ್ಗೆ ಈ ಸದ್ದು ಒಂದು ಸಲವೂ ಬಂದಿರಲಿಲ್ಲ.

ನಾನು ಚಾಪೆಯ ಪಕ್ಕ ಬಿದ್ದಿದ್ದ ಸಿಡಿಯದ ಗುಂಡೊಂದನ್ನು ಎತ್ತಿಕೊಂಡೆ. ಹಿಂಬದಿಯಲ್ಲಿ ಹೊಡೆತದ ಗುರುತು ಸೊಳ್ಳೆ ಕಚ್ಚಿದಷ್ಟಿತ್ತು. ಒಳಗಿನ ಸುತ್ತಿಗೆ ಬೀಳುತ್ತಿದೆ, ಬಲವಿಲ್ಲದೆ ಬೀಳುತ್ತಿದೆ.

ಹೊಡೆದು ಮುಗಿದ ಮೇಲೆ, ಸಮಿತಿಯವರ ಎದುರಿಗೇ ಟ್ರಿಗರ್ ಗಂಟನ್ನು ಬಿಚ್ಚಿದೆ. ಸುತ್ತಿಗೆಯನ್ನು ತಳ್ಳುವ ಪುಟ್ಟ ಸ್ಪ್ರಿಂಗ್ ಅಂಗೈಗೆ ಬಿತ್ತು. ತುದಿಯಲ್ಲಿ ಎರಡು ಸುತ್ತು ಇರಲಿಲ್ಲ. ಇಕ್ಕಳದಿಂದ ಕತ್ತರಿಸಿದ ಜಾಗ ಬೆಳ್ಳಗೆ ಹೊಳೆಯುತ್ತಿತ್ತು, ಅರ್ಧ ದಿನದ ಮಾಸಲೂ ಹತ್ತಿರಲಿಲ್ಲ.

"ಡೇಲ್, ಇದೂ ನೀವೇನಾ?"

"ನಾನು ಬದಲಾಯಿಸಿದ್ದು ಒಂದೇ ಸ್ಪ್ರಿಂಗು," ಎಂದ ಡೇಲ್. "ಬರೆದು ಕೊಟ್ಟಿದೀನಲ್ಲ. ಎರಡನೇ ಪುಟ ನೋಡು."

ನಂಬಿದೆ. ಎರಡೂಮುಕ್ಕಾಲಿನಿಂದ ಮೂರೂವರೆಯವರೆಗೆ ಡೇಲ್ ನನ್ನ ಪಕ್ಕ ಬೆಲ್ಟು ಹಾಕಿಕೊಂಡು ಕೂತಿದ್ದ. ಆ ಹೊತ್ತಿನಲ್ಲಿ ಈ ಗಂಟು ಅಡುಗೆಮನೆಯ ಮೇಜಿನ ಮೇಲಿತ್ತು. ಕಾವಲಿಗೆ ಆರು ಕಣ್ಣಿದ್ದವು: ಗಸ್, ಲವಾನ್, ವರ್ನಾ.

ಲವಾನ್ ಬಾಗಿಲಲ್ಲಿ ನಿಂತು ಕೈ ಒರೆಸಿಕೊಳ್ಳುತ್ತಿದ್ದಳು, ಆಗಲೇ ಒಣಗಿದ್ದ ಕೈಯನ್ನು. ಗಸ್ ದೂರದ ಗುರಿಹಲಗೆಗಳನ್ನು ಎಣಿಸುತ್ತಿದ್ದ. ಅವು ಹತ್ತು ವರ್ಷಗಳಿಂದ ಆರೇ ಇವೆ.

ವರ್ನಾ ಚಾಪೆಯಿಂದ ಎದ್ದು ಮೊಣಕಾಲಿನ ಹುಲ್ಲು ಕೊಡವಿಕೊಂಡಳು. ನನ್ನ ಅಂಗೈಯಲ್ಲಿದ್ದ ಸ್ಪ್ರಿಂಗಿನ ಕಡೆ ನೋಡಲೂ ಇಲ್ಲ.

"ಯಾರು ಅಂತ ಹುಡುಕ್ತೀನಿ ವರ್ನಾ," ಎಂದೆ.

"ಬೇಡ ಕೋರಿ," ಎಂದಳು. "ಅಡುಗೆಮನೇಲಿ ಕೂತಲ್ಲಿಂದಲೇ ನಾನು ನೋಡ್ದೆ."

"ಏನು ನೋಡಿದ್ರಿ?"

"ಬೇಡ ಅಂದೆನಲ್ಲ." ಬಂದೂಕಿನ ಮರದ ಹಿಡಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅವಳು ತನ್ನ ಪಿಕಪ್ಪಿನ ಕಡೆ ನಡೆದಳು. ಉಳಿದ ಭಾಗಗಳನ್ನು ಕೇಳಲಿಲ್ಲ.

ಐದು ಗಂಟೆಗೆ ಪಟ್ಟಿ ಬೋರ್ಡಿಗೆ ಅಂಟಿತು. ಹದಿನಾರು ಗುಂಡುಗಳಲ್ಲಿ ಹತ್ತು ಸಿಡಿದಿದ್ದವು, ಅಂಕ ತೊಂಬತ್ತಾರು. ಹೋದದ್ದು ಆರು ಗುಂಡು, ಎರಡು ಸುತ್ತು ತಂತಿ, ಮೂವತ್ತೆಂಟು ವರ್ಷದ ಒಂದು ಜಾಗ.